ಕೈ ಬದಲಾದ ಫೋನುಗಳ ಸಂಜೀವಣ್ಣ

ಸಂಜೀವಣ್ಣ ಯಾವ ಫೋನನ್ನಾದರೂ ಮೊದಲು ಮೂಸಿ ನೋಡುತ್ತಿದ್ದರು. ಪರದೆ ಒಡೆದಿರಲಿ, ಚಾರ್ಜ್ ಆಗದಿರಲಿ, ಪೂರ್ತಿ ಸತ್ತೇ ಹೋಗಿರಲಿ, ಗಿರಾಕಿ ತನ್ನ ಕತೆ ಹೇಳಲು ಬಾಯಿ ತೆರೆಯುವ ಮೊದಲೇ ಫೋನು ಅವರ ಮೂಗಿನ ಹತ್ತಿರ ಹೋಗಿರುತ್ತಿತ್ತು. ಕಣ್ಣು ಮುಚ್ಚಿ, ಹಲಸಿನ ಹಣ್ಣು ಕೊಳ್ಳುವವರ ಹಾಗೆ, ಚಾರ್ಜರ್ ಸಿಕ್ಕಿಸುವ ತೂತನ್ನು ಒಮ್ಮೆ ಮೂಸಿ “ಇದು ಅಡುಗೆಮನೆಯಲ್ಲಿ ಇರುವುದು” ಎಂದೋ, “ಇದು ದೋಣಿಗೆ ಹೋಗುವುದು” ಎಂದೋ ಹೇಳುತ್ತಿದ್ದರು. ತೆಂಗಿನೆಣ್ಣೆ, ಮೀನು, ಪೌಡರು, ಬೀಡಿಯ ಎಲೆ, ಊದುಬತ್ತಿ. ಮನುಷ್ಯನ ದಿನಚರಿಯೆಲ್ಲ ಆ ತೂತಿನೊಳಗೆ ಹೋಗಿ ಕೂತಿರುತ್ತದೆ ಎಂಬುದು ಅವರ ನಂಬಿಕೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ನನ್ನ ಫೋನಿನ ಸರದಿ ಬಂದಾಗ ನಗು ನಿಂತಿತು. “ನೀವು ತಿಂಡಿ ತಿನ್ನುವಾಗ ಸಹ ಇದನ್ನು ಕೆಳಗೆ ಇಡುದಿಲ್ಲ” ಎಂದರು. ಆ ದಿನ ಬೆಳಿಗ್ಗೆ ನಾನು ಬನ್ಸ್ ತಿಂದಿದ್ದೆ.

ಕುದ್ರೋಳಿಯಲ್ಲಿ ದೇವಸ್ಥಾನದ ಕಡೆಗೆ ತಿರುಗುವ ಒಂದು ಗಲ್ಲಿಯಲ್ಲಿ, ಹೂವಿನ ಅಂಗಡಿಗೂ ದರ್ಜಿ ಅಂಗಡಿಗೂ ನಡುವೆ ಅವರ ಅಂಗಡಿ. ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ. ಬೋರ್ಡಿನಲ್ಲಿ “ಮೊಬೈಲ್ ರಿಪೇರಿ” ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು, ಅದರ ಅಡಿಯಲ್ಲಿ “ವಾಚ್” ಎಂಬ ಹಳೆಯ ನೀಲಿ ಅಕ್ಷರಗಳು ಇನ್ನೂ ಇಣುಕುತ್ತಿದ್ದವು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ವಾಚು ರಿಪೇರಿ ಮಾಡಿದವರು ಅವರು. ಕಣ್ಣಿಗೆ ಸಿಕ್ಕಿಸುವ ಕಪ್ಪು ಭೂತಗನ್ನಡಿ ಕೆಲಸ ಇಲ್ಲದಾಗಲೂ ಅವರ ಹಣೆಯ ಮೇಲೆ ಇರುತ್ತಿತ್ತು. ಊಟಕ್ಕೆ ಮನೆಗೆ ಹೋಗುವಾಗಲೂ ಅದನ್ನು ತೆಗೆಯುವುದಿಲ್ಲ ಎಂದು ಪಕ್ಕದ ದರ್ಜಿ ತಮಾಷೆ ಮಾಡುತ್ತಿದ್ದ.

ಅವರಿಗೆ ಸುಳ್ಳು ಹೇಳುವ ಗಿರಾಕಿಗಳೆಂದರೆ ಆಗುತ್ತಿರಲಿಲ್ಲ. ಒಮ್ಮೆ ನಾನು ಇದ್ದಾಗಲೇ ಒಬ್ಬ ಯುವಕ ಬಂದು, ಫೋನು ತನ್ನಷ್ಟಕ್ಕೇ ಆಫ್ ಆಯಿತು, ನೀರಿಗೆ ಬಿದ್ದೇ ಇಲ್ಲ ಎಂದು ಆಣೆ ಹಾಕುವ ದನಿಯಲ್ಲಿ ಹೇಳಿದ. ಸಂಜೀವಣ್ಣ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಬಹಳ ಗೌರವದಿಂದ, “ಪಣಂಬೂರೋ, ಸೋಮೇಶ್ವರವೋ? ಅಷ್ಟು ಹೇಳಿ ಸಾಕು” ಎಂದರು. ಯುವಕ ಕಿವಿಯವರೆಗೆ ಕೆಂಪಾಗಿ “ಪಣಂಬೂರು” ಎಂದ. ಸಮುದ್ರದ ನೀರು ಎಂದು ಗೊತ್ತಾದರೆ ಸಾಕಲ್ಲ, ಯಾವ ಬೀಚಾದರೇನು ಎಂದು ಅವನು ಹೋದ ಮೇಲೆ ಕೇಳಿದೆ. ಬೀಚಿನ ಹೆಸರು ಹೇಳಿದವನು ಆಮೇಲೆ ಸುಳ್ಳು ಹೇಳುವುದಿಲ್ಲ ಎಂದು ನಕ್ಕರು.

ಇನ್ನೊಂದು ಅಭ್ಯಾಸವಿತ್ತು. ರಿಪೇರಿಗೆ ಬಂದ ಪ್ರತಿ ಫೋನಿನ ಬೆನ್ನಿಗೆ ಬಿಳಿ ಬಟ್ಟೆಯ ಪ್ಲಾಸ್ಟರಿನ ಒಂದು ತುಂಡು ಅಂಟಿಸಿ ಹೆಸರು ಬರೆಯುತ್ತಿದ್ದರು. ಫೋನು ತಂದವರ ಹೆಸರಲ್ಲ, ಅದನ್ನು ದಿನವೂ ಕೈಯಲ್ಲಿ ಹಿಡಿಯುವವರ ಹೆಸರು. ಗಂಡ ತಂದರೂ ಹೆಂಡತಿಯ ಹೆಸರು, ಮೊಮ್ಮಗ ತಂದರೂ ಅಜ್ಜಿಯ ಹೆಸರು. ಒಬ್ಬರ ಫೋನು ಇನ್ನೊಬ್ಬರಿಗೆ ಹೋಗುವಾಗ ಅದರೊಳಗಿನ ಅಕ್ಷರಗಳನ್ನು, ಹೊಸಬರ ಕಣ್ಣಿಗೆ ಎಷ್ಟು ಬೇಕೋ ಅಷ್ಟು, ಯಾರೂ ಕೇಳದಿದ್ದರೂ ದೊಡ್ಡದು ಮಾಡಿ ಕೊಡುತ್ತಿದ್ದರು. ಗುಣಗಳಷ್ಟೇ ಇದ್ದವು ಎಂದುಕೊಳ್ಳಬೇಡಿ. ನಾಳೆ ಕೊಡ್ತೇನೆ ಎಂದರೆ ಅವರ ನಾಳೆ ನಾಲ್ಕನೇ ದಿನಕ್ಕೆ ಆಗುತ್ತಿತ್ತು. ಅವಸರ ಮಾಡಿದವರ ಫೋನು ಆರನೇ ದಿನಕ್ಕೆ.

ನಾನು ಏನು ಕೆಲಸ ಮಾಡುತ್ತೇನೆ ಎಂದು ಅವರು ಕೇಳಿದ್ದು ಎರಡನೇ ಸಲ ಹೋದಾಗ. ಜೆಪ್ಪುವಿನಲ್ಲಿ ನಮ್ಮದೊಂದು ಚಿಕ್ಕ ಕಂಪೆನಿ ಉಂಟು, ನಾನು ಮತ್ತು ಗೆಳೆಯ ನವೀನ್ ಸೇರಿ ಮೊಬೈಲ್ ಆ್ಯಪ್ ಮಾಡುತ್ತೇವೆ ಎಂದೆ. ಸಂಜೀವಣ್ಣ ಭೂತಗನ್ನಡಿಯನ್ನು ಹಣೆಗೆ ಏರಿಸಿ ನನ್ನನ್ನು ಚೆನ್ನಾಗಿ ನೋಡಿದರು. “ಹಾಗಾದರೆ ನನಗೆ ಗಿರಾಕಿಗಳನ್ನು ಕಳಿಸುವುದು ನೀವು. ಫೋನು ಸ್ಲೋ ಆಯ್ತು, ಫೋನು ಬಿಸಿ ಆಯ್ತು ಅಂತ ದಿನಾ ಜನ ಬರ್ತಾರೆ. ಫೋನಿಗೆ ಎಂತದೂ ಆಗಿರುದಿಲ್ಲ, ಒಳಗೆ ನೀವು ತುಂಬಿಸಿದ್ದು ಜಾಸ್ತಿ ಆದದ್ದು” ಎಂದರು. ಅಂದಿನಿಂದ ನಮಗೆ ಸ್ನೇಹವಾಯಿತು. ನೀವು ಎನ್ನುತ್ತಿದ್ದವರು ನೀನು ಎನ್ನತೊಡಗಿದರು, ವಿನಯಾ ಎಂದು ಹೆಸರು ಹಿಡಿದು ಕರೆಯತೊಡಗಿದರು. ತುಳುವಿನಲ್ಲಿ ಶುರುವಾದ ನಮ್ಮ ಮಾತು ಕೆಲಸದ ವಿಷಯ ಬಂದ ತಕ್ಷಣ ಅದೇಕೋ ಕನ್ನಡಕ್ಕೆ ಹೊರಳುತ್ತಿತ್ತು. ಶಾಲೆಯಲ್ಲಿ ಕಲಿತದ್ದನ್ನು ಶಾಲೆಯ ಭಾಷೆಯಲ್ಲೇ ಹೇಳಬೇಕು ಎಂದು ಇಬ್ಬರಿಗೂ ಅನಿಸಿತ್ತೋ ಏನೋ.

ಅವರು ನನ್ನನ್ನು ತಿದ್ದಿದ ಕತೆ ಹೇಳಬೇಕಾದರೆ ನಮ್ಮ ಮೂರ್ಖತನದಿಂದಲೇ ಶುರು ಮಾಡಬೇಕು.

ಬೆಂಗ್ರೆಯಲ್ಲಿ ಮೀನು ಮಾರುವ ಹೆಂಗಸರದ್ದೊಂದು ಸಂಘ ಉಂಟು. ಅವರು ಬೆಳಿಗ್ಗೆ ಫೆರಿ ಹತ್ತಿ ಹೊಳೆ ದಾಟಿ, ಬೋಟು ನಿಲ್ಲುವ ದಕ್ಕೆಗೆ ಬಂದು, ಹರಾಜು ಕೂಗುವ ಏಲಂನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಊರೊಳಗೆ ಹೋಗುವವರು. ಯಾವ ಬೋಟು ಎಷ್ಟು ಹೊತ್ತಿಗೆ ಬರುತ್ತದೆ, ಅದರಲ್ಲಿ ಬಂಗುಡೆಯೋ ಬೂತಾಯಿಯೋ ಎಂದು ಮೊದಲೇ ತಿಳಿದರೆ ಸುಮ್ಮನೆ ಬಿಸಿಲಿಗೆ ಕಾಯುವುದು ತಪ್ಪುತ್ತದೆ, ಬೋಟು ಬೇಗ ಬಂದ ದಿನ ಏಲಂ ಕೈತಪ್ಪುವುದೂ ಇಲ್ಲ. ಇದಕ್ಕೊಂದು ಆ್ಯಪ್ ಮಾಡಿಕೊಡಿ ಎಂದು ಸಂಘದವರು ನಮ್ಮನ್ನು ಕೇಳಿದರು. ಬೋಟಿನ ಯಜಮಾನರು ಸುದ್ದಿ ಕೊಡಲು ಒಪ್ಪಿದರು, ಆದರೆ ಒಂದು ಶರತ್ತಿನ ಮೇಲೆ: ಸುದ್ದಿ ಮೀನು ಕೊಳ್ಳುವವರೆಲ್ಲರಿಗೂ ಸಿಗಬೇಕು. ಸ್ಕೂಟರಿನಲ್ಲಿ ಮೀನು ಮಾರುವವರಿಗೂ, ಹೋಟೆಲಿಗೆ ಮೀನು ಒಯ್ಯುವವರಿಗೂ. ಹೋಟೆಲಿನವರ ಕೈಯಲ್ಲಿ ಐಫೋನು, ಉಳಿದವರ ಕೈಯಲ್ಲಿ ಆಂಡ್ರಾಯ್ಡು. ಹಾಗಾಗಿ ಎರಡರಲ್ಲೂ ನಡೆಯುವಂಥದ್ದು ಬೇಕಿತ್ತು.

ಎರಡೂ ಬಗೆಯ ಫೋನಿಗೆ ಬೇರೆ ಬೇರೆ ಆ್ಯಪ್ ಬರೆಯುವಷ್ಟು ಜನ ನಮ್ಮಲ್ಲಿ ಇರಲಿಲ್ಲ. ಒಮ್ಮೆ ಬರೆದರೆ ಎರಡಕ್ಕೂ ಹೊಂದುವ ಚೌಕಟ್ಟುಗಳು ಇವೆ. ನಮ್ಮ ಕಸುಬಿನಲ್ಲಿ ಅವುಗಳನ್ನು ಫ್ರೇಮ್‌ವರ್ಕ್ ಎನ್ನುತ್ತೇವೆ. ಯಾವುದನ್ನು ಆರಿಸುವುದು ಎಂದು ನವೀನನಿಗೂ ನನಗೂ ಎರಡು ವಾರ ಜಗಳ ನಡೆಯಿತು. ಅವನು ಫ್ಲಟರ್ ಎಂದ, ನಾನು ರಿಯಾಕ್ಟ್ ನೇಟಿವ್ ಎಂದೆ. ನನಗೆ ಇದು ಬರುತ್ತಿತ್ತು, ಅವನಿಗೆ ಅದು ಬರುತ್ತಿತ್ತು, ಒಳಗಿನ ಕಾರಣ ಇಷ್ಟೇ. ಆದರೆ ಹಾಗೆ ಹೇಳಿಕೊಳ್ಳಲು ಆಗುತ್ತದೆಯೇ? ಗೋಡೆಯ ಬಿಳಿ ಹಲಗೆಯ ಮೇಲೆ ಮನೆಗಳನ್ನು ಹಾಕಿ, ವೇಗಕ್ಕೆ ಇಷ್ಟು ಅಂಕ, ಚಂದಕ್ಕೆ ಇಷ್ಟು ಅಂಕ ಎಂದು ಮದುವೆಗೆ ಜಾತಕ ಕೂಡಿಸುವವರ ಹಾಗೆ ಕೂಡಿಸಿದೆವು. ಕೊನೆಗೆ ಅವನದೇ ಗೆದ್ದಿತು. ಅದರಲ್ಲೂ ಆಗಷ್ಟೇ ಬಂದಿದ್ದ ಹೊಸ ಆವೃತ್ತಿ. ಅಲೆಯ ಮೇಲೆ ಬೋಟು ತೇಲಿಬರುವ ಚಿತ್ರ, ಮೀನು ಬಾಲ ಅಲ್ಲಾಡಿಸುವುದು, ಎಲ್ಲ ಮಾಡಿದೆವು. ನೋಡಿದರೆ ಕಣ್ಣಿಗೆ ಹಬ್ಬ.

ಜನರ ಕೈಯಲ್ಲಿ ಯಾವ ಫೋನು ಉಂಟು ಎಂದು ವಿಚಾರಿಸದೆ ಆರಿಸಿದೆವು ಎಂದಲ್ಲ. ಒಂದು ಭಾನುವಾರ ಇಬ್ಬರೂ ಬೆಂಗ್ರೆಗೆ ಹೋಗಿ ಮನೆಮನೆ ಹತ್ತಿ ಕೇಳಿದ್ದೆವು. ಮನೆಯ ಗಂಡಸರು ಜಗಲಿಯಲ್ಲಿ ಕೂರಿಸಿ ಮಾತಾಡಿಸಿದರು. ಮನೆಯಲ್ಲಿ ಯಾವ ಫೋನು ಎಂದರೆ ಅಂಗಿಯ ಜೇಬಿನಿಂದ ತೆಗೆದು ತೋರಿಸಿದರು. ಒಳ್ಳೊಳ್ಳೆಯ ಫೋನುಗಳು, ಕೆಲವು ಗಲ್ಫಿನಿಂದ ಬಂದವು. ಹೆಂಗಸರು ಚಾ ತಂದುಕೊಟ್ಟು ಒಳಗೆ ಹೋದರು. ನಾನು ಚಾ ಕುಡಿದು, ಫೋನಿನ ಹೆಸರು ಬರೆದುಕೊಂಡು, ಮುಂದಿನ ಮನೆಗೆ ಹೋದೆ. ನವೀನ ಗಂಡಸು, ಅವನಿಗೆ ಹೊಳೆಯಲಿಲ್ಲ ಎನ್ನಬಹುದು. ನಾನು ಹೆಂಗಸು. ನನ್ನ ಅಮ್ಮನ ಕೈಯಲ್ಲಿ ಇರುವುದು ನಾನು ಬಿಟ್ಟ ಹಳೆಯ ಫೋನು. ಆದರೂ ಹೊಳೆಯಲಿಲ್ಲ.

ಆ್ಯಪ್ ಬಿಡುಗಡೆಯಾಗಿ ಎರಡನೇ ವಾರ, ಹೊಗಳಿಕೆ ಕೇಳುವ ಆಸೆಯಿಂದ ಬೆಂಗ್ರೆಗೆ ಹೋದೆ. ಫೆರಿ ಇಳಿಯುವಲ್ಲಿ ಗಿರಿಜಕ್ಕ ಸಿಕ್ಕಿದರು. ಸಂಘ ಕಟ್ಟಿದವರಲ್ಲಿ ಒಬ್ಬರು, ಐವತ್ತು ದಾಟಿದ ಹೆಂಗಸು. ದಕ್ಕೆಯಿಂದ ಹಿಂದೆ ಬಂದಿದ್ದರು, ಬುಟ್ಟಿ ಖಾಲಿಯಾಗಿತ್ತು. ಇಷ್ಟು ಬೇಗ ಮಾರಿ ಆಯಿತೇ ಎಂದು ಕೇಳಿದೆ. ಮೀನೇ ಸಿಗಲಿಲ್ಲ, ಈ ವಾರದಲ್ಲಿ ಮೂರನೇ ಸಲ ಹೀಗಾಯಿತು ಎಂದರು. ಸ್ಕೂಟರಿನವರಿಗೂ ಹೋಟೆಲಿನವರಿಗೂ ನಮ್ಮ ಆ್ಯಪಿನಲ್ಲಿ ಸುದ್ದಿ ಸಿಗುತ್ತದೆ, ಅವರು ಬೋಟನ್ನು ದಡಕ್ಕೆ ಕಟ್ಟುವ ಮೊದಲೇ ಬಂದು ನಿಂತಿರುತ್ತಾರೆ, ಫೆರಿ ದಾಟಿ ಹೋಗುವಷ್ಟರಲ್ಲಿ ಒಳ್ಳೆಯ ರಾಶಿಯೆಲ್ಲ ಮುಗಿದಿರುತ್ತದೆ. ಮೊದಲು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಒಟ್ಟಿಗೆ ಕಾಯುತ್ತಿದ್ದರು. ಈಗ ಗೊತ್ತಿರುವವರು ಕೆಲವರು.

ನಿಮ್ಮ ಫೋನಿನಲ್ಲಿ ಆ್ಯಪ್ ಇಲ್ಲವೇ ಎಂದೆ. ಗಿರಿಜಕ್ಕ ಸೊಂಟದ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನನ್ನು ತೆಗೆದು, ಕೈ ಒರೆಸಿಕೊಂಡು, ಪರದೆಯ ಮೇಲಿದ್ದ ಇಂಗ್ಲಿಷ್ ಸಾಲನ್ನು ತೋರಿಸಿದರು. ಇದರಲ್ಲಿ ಎಂತ ಬರೆದದ್ದು ಎಂದು ಕೇಳಿದರು. ನಿಮ್ಮ ಫೋನಿಗೆ ಈ ಆ್ಯಪ್ ಹೊಂದುವುದಿಲ್ಲ ಎಂದು ಬರೆದಿತ್ತು. ನಾನು ಓದಿ ಹೇಳಿದೆ. “ಹೌದಾ” ಎಂದು ಅಷ್ಟೇ ಹೇಳಿ ಅವರು ಫೋನನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರಿಗಾಗಿ ಎಂದು ಹೇಳಿಕೊಂಡು ಮಾಡಿದ ಕೆಲಸ ಅವರ ಬುಟ್ಟಿಯ ಮೀನನ್ನೇ ತೆಗೆದು ಇನ್ನೊಬ್ಬರಿಗೆ ಕೊಟ್ಟಿತ್ತು. ನನಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ. ಸುತ್ತುವಾಗ ಕಂಡಿತ್ತು, ಫೋನಿನ ಬೆನ್ನಿನಲ್ಲಿ ಬಿಳಿ ಪ್ಲಾಸ್ಟರು, ಅದರ ಮೇಲೆ ಸಂಜೀವಣ್ಣನ ಅಕ್ಷರದಲ್ಲಿ “ಗಿರಿಜ, ಬೆಂಗ್ರೆ” ಎಂದು ಬರೆದಿತ್ತು. ಮುಂದಿನ ಫೆರಿ ಹಿಡಿದು ನೇರ ಕುದ್ರೋಳಿಗೆ ಹೋದೆ.

ಸಂಜೀವಣ್ಣ ಎಲ್ಲ ಕೇಳಿಸಿಕೊಂಡು, ನಾವು ಬರೆದುಕೊಂಡ ಫೋನುಗಳ ಪಟ್ಟಿಯನ್ನು ತೋರಿಸಲು ಹೇಳಿದರು. ನೋಡಿದರು. ಅವರಿಗೆ ಸಿಟ್ಟು ಬಂದದ್ದನ್ನು ಅಂದು ಮೊದಲ ಸಲ ಕಂಡೆ.

“ಇದು ಗಂಡಸರ ಜೇಬಿನ ಪಟ್ಟಿ, ಮಾರಾಯ್ತಿ. ಮೀನು ಮಾರುವುದು ಇವರಾ? ಹೊಸ ಫೋನು ಮನೆಗೆ ಬಂದರೆ ಹಳೆಯದು ಎಲ್ಲಿಗೆ ಹೋಗ್ತದೆ ಹೇಳು ನೋಡುವಾ. ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಮ್ಮನಿಗೆ. ಅಮ್ಮನ ಕೈಗೆ ಬರುವಾಗ ಅದಕ್ಕೆ ಆರೇಳು ವರ್ಷ ಆಗಿರ್ತದೆ. ಬ್ಯಾಟರಿ ಊದಿರ್ತದೆ. ಇದು ಎಲ್ಲ ಮನೆಯಲ್ಲಿ ಉಂಟು, ಬೆಂಗ್ರೆಯಲ್ಲಿ ಮಾತ್ರ ಅಲ್ಲ.”

ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ, ಎರಡು ಜಾತಿಯ ಫೋನಿಗೂ ಹೊಂದಬೇಕು ಎಂದೇ ಅಷ್ಟೆಲ್ಲ ಯೋಚಿಸಿ ಆರಿಸಿದೆವು ಎಂದೆ. ಅವರು ಮೇಜಿನ ಕೆಳಗಿನ ಖಾನೆ ಎಳೆದರು. ಒಳಗೆ ಪ್ಲಾಸ್ಟರು ಅಂಟಿಸಿದ ಫೋನುಗಳು ಸಾಲಾಗಿ ಮಲಗಿದ್ದವು.

“ನೀನು ಹೇಳುವ ಎರಡು ಜಾತಿ ಬೇರೆ. ನನಗೆ ಗೊತ್ತಿರುವ ಎರಡು ಜಾತಿ ಇದು: ಪೆಟ್ಟಿಗೆ ಒಡೆದು ತೆಗೆದದ್ದು ಒಂದು, ಇನ್ನೊಬ್ಬರ ಕೈಯಿಂದ ಬಂದದ್ದು ಒಂದು. ನೀವು ಆರಿಸಿದ್ದು ಎಂತದೋ ನನಗೆ ಗೊತ್ತಿಲ್ಲ. ಯಾವುದು ಬೇಕಾದರೂ ಆರಿಸಿ. ಆದರೆ ಈ ಖಾನೆಯಲ್ಲಿ ಇರುವುದರಲ್ಲಿ ನಡೀತದಾ ಅಂತ ನೋಡಿ ಆಮೇಲೆ ಆರಿಸಿ.”

ತಪ್ಪು ಆ ಚೌಕಟ್ಟಿನದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹೊಸ ಆವೃತ್ತಿ ಬಂದಾಗ ತೀರ ಹಳೆಯ ಫೋನುಗಳನ್ನು ಬಿಟ್ಟು ಮುಂದೆ ಹೋಗುವುದು ನಮ್ಮ ಕಸುಬಿನಲ್ಲಿ ಸಾಮಾನ್ಯ. ಯಾವ ಫೋನಿಗಿಂತ ಹಳೆಯದರಲ್ಲಿ ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆದೂ ಇರುತ್ತಾರೆ. ನಾವು ಆ ಸಾಲನ್ನು ಓದಿದ್ದೆವು. ಅಷ್ಟು ಹಳೆಯದನ್ನು ಈಗ ಯಾರು ಹಿಡಿಯುತ್ತಾರೆ ಎಂದು ನಗಾಡಿಯೂ ಇದ್ದೆವು.

ಮರುದಿನದಿಂದ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಅಂಗಡಿಯಲ್ಲಿ ಕೂತೆ. ಫೋನುಗಳನ್ನು ಜೆಪ್ಪುವಿಗೆ ಒಯ್ಯುತ್ತೇನೆ ಎಂದರೆ ಅವರು ಒಪ್ಪಲಿಲ್ಲ. ಜನ ನಂಬಿ ಕೊಟ್ಟದ್ದು, ಅಂಗಡಿಯ ಮೆಟ್ಟಿಲು ಇಳಿಯಬಾರದು ಎಂದರು. ಒಬ್ಬೊಬ್ಬರನ್ನು ಕರೆದು ಕೇಳಿ, ಒಪ್ಪಿದವರ ಫೋನನ್ನು ಮಾತ್ರ ನನ್ನ ಮುಂದೆ ಇಟ್ಟರು. ಜಾಗವಿಲ್ಲದ ಕಾರಣ ನಾನು ದರ್ಜಿಯ ಸ್ಟೂಲನ್ನು ಗಲ್ಲಿಯಲ್ಲೇ ಹಾಕಿ, ಅರ್ಧ ಒಳಗೆ ಅರ್ಧ ಹೊರಗೆ ಕೂರುತ್ತಿದ್ದೆ. ದೇವಸ್ಥಾನಕ್ಕೆ ಹೋಗುವವರು ನನ್ನ ಕಾಲು ದಾಟಿಕೊಂಡು ಹೋಗುತ್ತಿದ್ದರು. ಹೀಗೆ ಮೂರು ವಾರ.

ಮೊದಲು ಅದೇ ಚೌಕಟ್ಟಿನ ಹಳೆಯ ಆವೃತ್ತಿಯಲ್ಲಿ ಕಟ್ಟಿ ನೋಡಿದೆ. ಫೋನು ಒಪ್ಪಿಕೊಂಡಿತು, ಆದರೆ ಒಳಗೆ ಜಾಗವಿರಲಿಲ್ಲ. ಆ ಫೋನುಗಳ ಹೊಟ್ಟೆಯ ತುಂಬ ಶುಭೋದಯದ ಗುಲಾಬಿ ಹೂವುಗಳು, ಮೊಮ್ಮಕ್ಕಳ ಕುಣಿತಗಳು. ಅವನ್ನು ಅಳಿಸಿದರೆ ಜಾಗವಾಗುತ್ತದೆ ಎಂದೆ. ಸಂಜೀವಣ್ಣ, ನಿನ್ನ ಬೋಟಿಗೆ ಜಾಗ ಮಾಡಲು ಅವರು ಮೊಮ್ಮಗಳನ್ನು ಅಳಿಸಬೇಕಾ ಎಂದು ಕೇಳಿದರು. ನನ್ನ ಪ್ರೀತಿಯ ರಿಯಾಕ್ಟ್ ನೇಟಿವ್‌ನಲ್ಲಿಯೂ ಪ್ರಯತ್ನಿಸಿದೆ. ಅದೇ ಕತೆ. ಹಳೆಯ ಆವೃತ್ತಿಯನ್ನೇ ಹಿಡಿದು ಕೂತರೆ ವರ್ಷ ಎರಡು ವರ್ಷದಲ್ಲಿ ಅದನ್ನು ನೋಡಿಕೊಳ್ಳುವುದೇ ದೊಡ್ಡ ರಗಳೆ. ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸುತ್ತಿತ್ತೋ ಏನೋ, ಹೂವಿನ ಅಂಗಡಿಯವಳಿಗೆ ಹೇಳಿ ಇಬ್ಬರಿಗೂ ಚಾ ತರಿಸುತ್ತಿದ್ದರು.

ಒಂದು ದಿನ ಮೇಜಿನ ಮೇಲೆ ಒಂದು ಬಟ್ಟಲಲ್ಲಿ ನೀರು ಇಟ್ಟಿದ್ದರು. ಅದಕ್ಕೆ ಉಪ್ಪು, ಎರಡು ಹನಿ ಎಣ್ಣೆ. ಬೆರಳು ಅದ್ದಿ ಆಮೇಲೆ ಒತ್ತಿ ನೋಡು ಎಂದರು. ಮೀನು ಕೊಯ್ದ ಕೈ ಹೀಗೆಯೇ ಇರುತ್ತದಂತೆ. ಒತ್ತಿದೆ. ನಾವು ಅಷ್ಟು ನಾಜೂಕಾಗಿ ಬಿಡಿಸಿದ್ದ ಸಣ್ಣ ಗುಂಡಿಗಳಲ್ಲಿ ಒಂದೂ ಒತ್ತಲು ಬರಲಿಲ್ಲ. ಬಂಗುಡೆ ಎಂದು ಒತ್ತಿದರೆ ಕೆಳಗಿನ ಬೂತಾಯಿ ತೆರೆಯಿತು. ಅವರು ಬಟ್ಟಲನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದರು.

ಮೂರನೇ ವಾರದಲ್ಲಿ ನನಗೆ ಕಂಡದ್ದು ಬಹಳ ಸಾದಾ ದಾರಿ. ಆ್ಯಪ್ ಬೇಡ. ಫೋನಿನಲ್ಲಿ ಮೊದಲೇ ಇರುವ ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಸಾಕು. ಇಳಿಸಿಕೊಳ್ಳುವುದು ಏನೂ ಇಲ್ಲ, ಐಫೋನಿನಲ್ಲೂ ಅದೇ ಪುಟ, ಆಂಡ್ರಾಯ್ಡಿನಲ್ಲೂ ಅದೇ. ಬೋಟು, ಮೀನು, ಸಮಯ ಎಂಬ ಮೂರು ದಪ್ಪ ಸಾಲು. ಅಲೆ ಇಲ್ಲ, ಬಾಲ ಅಲ್ಲಾಡಿಸುವ ಮೀನು ಇಲ್ಲ. ಖಾನೆಯ ಫೋನುಗಳಲ್ಲಿ ಒಂದೊಂದರಲ್ಲೇ ತೆರೆದು ನೋಡಿದೆ. ಸ್ವಲ್ಪ ತಡವರಿಸಿದವು, ಆದರೆ ಎಲ್ಲದರಲ್ಲೂ ತೆರೆಯಿತು.

ನವೀನ ಕೇಳಿದವನೇ ಕುದ್ರೋಳಿಗೆ ಓಡಿ ಬಂದ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ನಾವು ಅಲ್ಲಿಯವರೆಗೆ ಮಾಡಿದ್ದರಲ್ಲಿ ಅತಿ ಚಂದದ ಕೆಲಸ ಆ ಆ್ಯಪು, ಮುಂದಿನ ಗಿರಾಕಿಗೆ ತೋರಿಸಲು ನಮ್ಮಲ್ಲಿದ್ದದ್ದು ಅದೊಂದೇ. ಈ ಪುಟವನ್ನು ಕಾಲೇಜಿನ ಮಕ್ಕಳೂ ಮಾಡಿಯಾರು ಎಂದ. ಚಂದದ್ದು ಇರಲಿ, ಹೆಂಗಸರ ಫೋನುಗಳು ಹೇಗೂ ಒಂದೆರಡು ವರ್ಷದಲ್ಲಿ ಬದಲಾಗುತ್ತವೆ ಎಂದ. ಆ ಒಂದೆರಡು ವರ್ಷ ಗಿರಿಜಕ್ಕ ಯಾವ ಮೀನು ಮಾರುವುದು ಎಂದು ನಾನು ದನಿ ಎತ್ತಿದೆ. ಗಲ್ಲಿಯಲ್ಲಿ ಹೋಗುವವರು ನಿಂತು ನೋಡುವಷ್ಟಾಯಿತು. ಸಂಜೀವಣ್ಣ ಭೂತಗನ್ನಡಿಯನ್ನು ಹಣೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಅದು ಅಲ್ಲಿ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನವೀನಾ, ನನಗೆ ಇಷ್ಟ ಇದ್ದದ್ದು ವಾಚು. ಕೀ ಕೊಡುವ ವಾಚು ಬಿಚ್ಚಿ ಕೂತರೆ ನನಗೆ ಊಟ ನೆನಪಾಗ್ತಿರಲಿಲ್ಲ. ಆಮೇಲೆ ಜನ ಮೊಬೈಲಿನಲ್ಲಿ ಟೈಮ್ ನೋಡ್ಲಿಕ್ಕೆ ಶುರು ಮಾಡಿದ್ರು. ಎರಡು ವರ್ಷ ನಾನು ಹಠದಲ್ಲಿ ಕೂತೆ, ವಾಚು ಬಿಟ್ಟು ಬೇರೆ ಮುಟ್ಟುದಿಲ್ಲ ಅಂತ. ಬಂದವರನ್ನು ವಾಪಸು ಕಳಿಸಿದೆ. ಕಷ್ಟ ಆದದ್ದು ನನಗಲ್ಲ, ಅವರಿಗೆ. ಜನ ತಂದದ್ದನ್ನು ರಿಪೇರಿ ಮಾಡ್ಬೇಕು, ನಮಗೆ ಇಷ್ಟ ಇದ್ದದ್ದನ್ನಲ್ಲ.”

ನವೀನ ಒಂದು ಹಳೆಯ ಫೋನನ್ನು ಎತ್ತಿಕೊಂಡು, ಬಟ್ಟಲಲ್ಲಿ ಬೆರಳು ಅದ್ದಿ, ಪುಟವನ್ನು ಒತ್ತಿ ನೋಡಿದ. ಈ ಸಾಲುಗಳು ಇನ್ನೂ ದಪ್ಪ ಇರಬೇಕು ಎಂದ. ಅಷ್ಟಕ್ಕೆ ಜಗಳ ಮುಗಿಯಿತು. ಆ ರಾತ್ರಿಯೇ ಆ್ಯಪನ್ನು ತೆಗೆದುಹಾಕಿದೆವು, ಎಲ್ಲರಿಗೂ ಪುಟವೊಂದೇ ಎಂದಾಯಿತು. ಬೆಂಗ್ರೆಯ ಯಾವ ಫೋನು ಅಂಗಡಿಗೆ ಬಂದರೂ ಸಂಜೀವಣ್ಣ ತಾವೇ ಆ ಪುಟದ ಗುರುತನ್ನು ಮೊದಲ ಪರದೆಯಲ್ಲಿ, ಹೆಬ್ಬೆರಳು ಸಿಗುವ ಜಾಗದಲ್ಲಿ ಇಟ್ಟುಕೊಟ್ಟರು. ಫೋನು ಕೆಡದವರನ್ನೂ ಹೇಳಿ ಕಳಿಸಿ ಕರೆಸಿದರು.

ಒಂದು ತಿಂಗಳ ನಂತರ ಗಿರಿಜಕ್ಕ ದಕ್ಕೆಯಲ್ಲಿ ಏಲಂ ಕೂಗುವವನ ಎದುರಿನ ಸಾಲಿನಲ್ಲೇ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಬುಟ್ಟಿಯಲ್ಲಿ ಬಂಗುಡೆ ತುಂಬಿತ್ತು. ಆಮೇಲೆ ಆಮೇಲೆ ಬೋಟಿನವರನ್ನು ವಿಚಾರಿಸಿ ಪುಟದಲ್ಲಿ ಸುದ್ದಿ ಹಾಕುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಇದನ್ನೆಲ್ಲ ಸಂಜೀವಣ್ಣನಿಗೆ ಹೇಳಿದಾಗ ಅವರು ತಲೆ ಎತ್ತದೆ ಹ್ಞೂಂ ಎಂದರು. ಹೊಗಳಿಕೆ ಬರುತ್ತದೆ ಎಂದು ಕಾದು ನಿಂತ ನನ್ನನ್ನು ನೋಡಿ, ಬೆಳಕಿಗೆ ಅಡ್ಡ ನಿಲ್ಲಬೇಡ ಎಂದರು.

ಆ ಮೂರು ವಾರಗಳಲ್ಲಿ ನಾನು ಕಲಿತದ್ದು ನಾಲ್ಕು ವರ್ಷದ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ. ಯಾವ ಫ್ರೇಮ್‌ವರ್ಕ್ ಒಳ್ಳೆಯದು ಎಂದು ಈಗಲೂ ಎಳೆಯರು ಕೇಳುತ್ತಾರೆ. ಯಾವುದರಲ್ಲೂ ಎಲ್ಲವೂ ಸಿಗುವುದಿಲ್ಲ, ಮೊದಲು ಹಳೆಯ ಫೋನು ಹಿಡಿದವರೊಬ್ಬರ ಪಕ್ಕದಲ್ಲಿ ಹೋಗಿ ಕೂತು ಬನ್ನಿ ಎನ್ನುತ್ತೇನೆ. ಅವರಿಗೆ ಅದು ಉತ್ತರವೆಂದೇ ಅನಿಸುವುದಿಲ್ಲ. ಮೊದಲು ನನಗೂ ಅನಿಸುತ್ತಿರಲಿಲ್ಲ.

ಕಂಪೆನಿ ಸ್ವಲ್ಪ ಬೆಳೆಯಿತು. ಕೆಲಸ ಹೆಚ್ಚಿತು, ಕುದ್ರೋಳಿಗೆ ಹೋಗುವುದು ಕಡಿಮೆಯಾಯಿತು. ಕೊನೆಯ ಸಲ ಹೋದಾಗ ಸಂಜೀವಣ್ಣ ಸೋತ ಹಾಗೆ ಕಂಡರು. ಹಿಡಿದ ಸಣ್ಣ ಸ್ಕ್ರೂ ಎರಡು ಸಲ ಬೆರಳಿನಿಂದ ಜಾರಿ ಬಿತ್ತು. ಡಾಕ್ಟರಿಗೆ ತೋರಿಸಿದಿರಾ ಎಂದರೆ, ನಾಳೆ ಎಂದರು. ಅವರ ನಾಳೆ ಎಂದರೆ ಏನು ಎಂದು ನನಗೆ ಗೊತ್ತಿತ್ತು. ನಾನೇ ಕರೆದುಕೊಂಡು ಹೋಗಬೇಕಿತ್ತು. ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಬಂದೆ. ಆ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಆಫೀಸಿನಲ್ಲಿ ಕೂತಿದ್ದೆ. ಗಿರಿಜಕ್ಕನ ಫೋನು ಬಂತು. ಹಿಂದೆ ಜನರ ಸದ್ದು. ನೀವು ಬರಲಿಲ್ಲವಾ, ಒಯ್ದು ಆಯಿತಲ್ಲ ಎಂದರು. ಯಾರನ್ನು ಎಂದು ಕೇಳಿದೆ. ಸಂಜೀವಣ್ಣ ಬೆಳಗಿನ ಜಾವ ಹೋದರು ಎಂದರು.

ರಿಕ್ಷಾದಲ್ಲಿ ಕೂತು ನಾವು ಮಾಡಿದ ಆ ಪುಟವನ್ನು ತೆರೆದೆ. ಎಷ್ಟೋ ತಿಂಗಳಿನಿಂದ ನಾನು ಅದನ್ನು ತೆರೆದೇ ಇರಲಿಲ್ಲ. ಬೋಟು ಎಂದಿರುವ ಸಾಲಿನಲ್ಲಿ “ಕುದ್ರೋಳಿ ಸಂಜೀವಣ್ಣ ತೀರಿಹೋದರು” ಎಂದು ಬರೆದಿತ್ತು. ಮೀನು ಎಂದಿರುವ ಸಾಲಿನಲ್ಲಿ “ಇವತ್ತು ಇಲ್ಲ” ಎಂದಿತ್ತು. ಸಮಯದ ಸಾಲಿನಲ್ಲಿ “ಎಲ್ಲರೂ ಮೊದಲ ಫೆರಿಗೆ ಬನ್ನಿ” ಎಂದಿತ್ತು.

ನಾನು ಹೋಗುವಷ್ಟರಲ್ಲಿ ಅವರ ಮನೆಯ ಅಂಗಳ ತೊಳೆದು ಆಗಿತ್ತು. ಗೋಡೆಯ ಬದಿಗೆ ಮೀನಿನ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟಿದ್ದರು. ಬೆಂಗ್ರೆಯ ಹೆಂಗಸರು ಮೂವತ್ತು ನಲ್ವತ್ತು ಜನ ಇದ್ದಿರಬೇಕು. ಕೆಲವರು ಒಳಗೆ ಅವರ ಹೆಂಡತಿಯ ಹತ್ತಿರ ಕೂತಿದ್ದರು, ಉಳಿದವರು ಜಗಲಿಯಲ್ಲಿ. ಎಲ್ಲರೂ ಬಂದು, ಸಂಜೀವಣ್ಣನ ಮುಖ ನೋಡಿ, ಕಾಲು ಮುಟ್ಟಿ ಆಗಿತ್ತು. ಹೊಳೆ ದಾಟಿ ಬರಬೇಕಾದವರು ಹೊತ್ತಿಗೆ ಬಂದಿದ್ದರು. ಜೆಪ್ಪುವಿನಿಂದ ಬರಬೇಕಾದ ನಾನೊಬ್ಬಳೇ ತಡ.

ಗಿರಿಜಕ್ಕ ಎದ್ದು ಬಂದು ನನ್ನ ಕೈ ಹಿಡಿದರು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ದನಿ ತಗ್ಗಿಸಿ, ನಿಜವಾದ ಕನಿಕರದಿಂದ ಕೇಳಿದರು:

“ಐದೂವರೆಗೇ ಹಾಕಿದ್ದೆ ಮೇಡಂ. ನಿಮ್ಮ ಫೋನಿಗ್ ಅದು ಬರುದಿಲ್ವಾ?”

“ಬರ್ತದೆ ಅಕ್ಕ” ಎಂದೆ. “ನಾನೇ ನೋಡ್ಲಿಲ್ಲ.”